ಹನ್ನೊಂದನೆಯ ಗೇಟಿನ ಹಲಗೆ

ಕಂಪ್ಲಿ
26 ನವೆಂಬರ್ 2024

ಶ್ರೀ ಹಂಪೇಶ್ ಅವರಿಗೆ, ಮತ್ತು ಅವರ ಮೂಲಕ ಅಂದು ಸೇರಿದ್ದ ಎಲ್ಲರಿಗೆ,

ಕಳೆದ ಭಾನುವಾರ ಕಡ್ಡಿರಾಂಪುರದಲ್ಲಿ ನನ್ನ ಮಗಳು ದೇವಿಕಾಳ ನೆನಪಿಗಾಗಿ ನೀವೆಲ್ಲ ಸೇರಿದಿರಿ. ಸಂಡೂರಿನಿಂದ, ಹೊಸಪೇಟೆಯಿಂದ, ಮರಿಯಮ್ಮನಹಳ್ಳಿಯಿಂದ ಬಂದಿರಿ. ಶಂಭುಲಿಂಗ ಅವರು ತಮ್ಮ ಹೋಟೆಲಿನ ಹಿಂದಿನ ಕೋಣೆಯನ್ನು ಬಿಟ್ಟುಕೊಟ್ಟು ಎಲ್ಲರಿಗೂ ಊಟ ಹಾಕಿದರು. ನನ್ನ ಪತ್ನಿ ಅನ್ನಪೂರ್ಣಳ ಪರವಾಗಿಯೂ ನಿಮಗೆ ಕೃತಜ್ಞತೆ ಸಲ್ಲಿಸುತ್ತೇನೆ.

ಆದರೆ ನಿಮ್ಮ ಅನುಕಂಪವನ್ನು ನಾನು ಸ್ವೀಕರಿಸುವುದಿಲ್ಲ. ಕಾರಣ ಹೇಳುತ್ತೇನೆ.

ಚೌಕ ಕಲ್ಲುಗಳನ್ನು ಪೇರಿಸಿ ಕಟ್ಟುವ, ನೀವೆಲ್ಲ ಅವಳೊಡನೆ ಆಡುತ್ತಿದ್ದ ಕಂಪ್ಯೂಟರ್ ಆಟದಲ್ಲಿ ದೇವಿಕಾ ನಮ್ಮ ಕಾಲುವೆಯನ್ನು ಕಟ್ಟಿದ್ದಳು. ಹನ್ನೆರಡು ಗೇಟು, ಎರಡೂ ದಂಡೆಯಲ್ಲಿ ಹೊಲ. ನೀರು ನಿಲ್ಲಿಸಲು ಒಂದು ಸನ್ನೆಗೋಲು ಎಳೆದರೆ ಗೇಟುಗಳು ಒಂದರ ನಂತರ ಒಂದು ತಾವಾಗಿಯೇ ಇಳಿಯಬೇಕು. ಅದನ್ನು ನೀವು ಪ್ರೊಜೆಕ್ಟರ್ ಹಾಕಿ ಗೋಡೆಯ ಮೇಲೆ ನಡೆಸಿ ತೋರಿಸಿದಿರಿ. ಮೇಲಿನ ನೀರು ದಾಟುವ ಮೊದಲೇ ಒಂಬತ್ತನೆಯ ಗೇಟು ಇಳಿಯಿತು. ದಾರಿ ಸಿಗದ ನೀರು ಪಕ್ಕಕ್ಕೆ ನುಗ್ಗಿ ಹೊಲದ ಬೆಳೆಯನ್ನೆಲ್ಲ ಕಿತ್ತು ಹಾಕಿತು. ಆಗ ನೀವು, ಹಂಪೇಶ್, ಮೆಲ್ಲಗೆ ಅಂದಿರಿ: "ಪಾಪ, ಕೊನೀಗೆ ಹುಡುಗಿ ಕೈ ನಡುಗಿರಬೇಕ್ರಿ." ಎಲ್ಲರೂ ಕಣ್ಣೊರೆಸಿಕೊಂಡರು.

ನಾನು ಒರೆಸಿಕೊಳ್ಳಲಿಲ್ಲ. ಕಾಲುವೆಯ ಮೇಲ್ವಿಚಾರಕನಾಗಿ ಮೂವತ್ತು ವರ್ಷದಿಂದ ಗೇಟು ಇಳಿಸುತ್ತಿರುವವನು ನಾನು. ನಮ್ಮಲ್ಲಿ ಮೊದಲ ಗೇಟು ಇಳಿಸಿದವನು ಕೊನೆಯ ನೀರಿನ ಗುರುತಿಗೆ ಒಂದು ಬೇವಿನ ಟೊಂಗೆಯನ್ನು ಬಿಡುತ್ತಾನೆ. ಅದು ತನ್ನ ಗೇಟನ್ನು ದಾಟುವ ತನಕ ಕೆಳಗಿನ ಗೇಟಿನ ನೀರಗಂಟಿ ಕೈ ಹಚ್ಚುವುದಿಲ್ಲ. ಫೋನು ಬಂದ ಮೇಲೂ ಈ ಪದ್ಧತಿ ಬಿಟ್ಟಿಲ್ಲ. ದೇವಿಕಾ ಹತ್ತು ವರ್ಷದವಳಿದ್ದಾಗ ಆ ಟೊಂಗೆಯ ಜೊತೆ ದಂಡೆಯ ಮೇಲೆ ನಡೆದು, ಯಾವ ಗೇಟಿನಿಂದ ಯಾವ ಗೇಟಿಗೆ ಎಷ್ಟು ನಿಮಿಷವೆಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಳು. ಆ ಲೆಕ್ಕದಲ್ಲಿ ಅವಳು ತಪ್ಪುವವಳಲ್ಲ. ನಿಮ್ಮಲ್ಲಿ ಯಾರೋ ಅದನ್ನು ಬದಲಿಸಿದ್ದೀರಿ. ಬದಲಿಸಿ, ತಪ್ಪನ್ನು ಸತ್ತವಳ ಮೇಲೆ ಹಾಕಿ, ಅವಳ ತಂದೆಗೆ ಸಮಾಧಾನ ಹೇಳಿದಿರಿ.

ಯಾರೆಂದು ತಿಳಿಸಿ. ಫೋನು ಬೇಡ. ಫೋನಿನಲ್ಲಿ ಆಡಿದ ಮಾತಿಗೆ ಸಾಕ್ಷಿ ಇರುವುದಿಲ್ಲ. ಕಾಗದದಲ್ಲಿ ಬರೆಯಿರಿ.

ನಾಗಭೂಷಣ

*

ಸಂಡೂರು
2 ಡಿಸೆಂಬರ್ 2024

ಪೂಜ್ಯ ನಾಗಭೂಷಣ ಸರ್ ಅವರಿಗೆ ನಮಸ್ಕಾರಗಳು.

ನಿಮ್ಮ ಪತ್ರವನ್ನು ಎಲ್ಲರಿಗೂ ಓದಿ ಹೇಳಿದೆ. ಸರ್, ನಾನು ಶಾಲೆ ಬಿಟ್ಟ ಮೇಲೆ ಪತ್ರ ಬರೆದವನಲ್ಲ. ಇಲ್ಲಿ ಅದಿರು ಯಾರ್ಡಿನಲ್ಲಿ ಬೆಲ್ಟ್ ಆಪರೇಟರ್ ಆಗಿದ್ದೇನೆ. ತಪ್ಪಿದ್ದರೆ ಮನ್ನಿಸಿ.

ಯಾರೂ ಬೇಕೆಂದು ಏನೂ ಮಾಡಿಲ್ಲ ಸರ್. ಆ ಆಟದಲ್ಲಿ ರಿಪೀಟರ್ ಎಂಬ ಚಿಕ್ಕ ವಸ್ತು ಇದೆ. ಬಂದ ಸಿಗ್ನಲನ್ನು ಸ್ವಲ್ಪ ಹಿಡಿದಿಟ್ಟು ಆಮೇಲೆ ಮುಂದಕ್ಕೆ ಬಿಡುತ್ತದೆ. ಹೆಚ್ಚೆಂದರೆ ಸೆಕೆಂಡಿನ ಹತ್ತರಲ್ಲಿ ನಾಲ್ಕು ಭಾಗ. ಅದಕ್ಕೇ ದೇವಿಕಾ ಗೇಟಿನಿಂದ ಗೇಟಿಗೆ ನೂರು ನೂರು ರಿಪೀಟರ್ ಸಾಲಾಗಿ ಇಟ್ಟಳು. "ನಿಮ್ಮಪ್ಪಗ ಹೆದರಿ ಇಷ್ಟು ಇಡಾಕತ್ತೀಯೇನವಾ?" ಎಂದು ನಾವು ಕಾಡುತ್ತಿದ್ದೆವು. "ನಮ್ಮಪ್ಪಗಲ್ಲಲೇ, ನೀರಿಗೆ" ಅನ್ನುತ್ತಿದ್ದಳು. ಈಚೆಗೆ ಆಟದ ಹೊಸ ಆವೃತ್ತಿ ಬಂತು. ಆಗ ರಿಪೀಟರ್‌ಗಳು ಏರುಪೇರಾಗಿರಬೇಕು.

ಇನ್ನೊಂದು ವಿನಂತಿ. ಜನವರಿ 18ಕ್ಕೆ ಹೊಸಪೇಟೆಯಲ್ಲಿ ಈ ಆಟದಲ್ಲಿ ಕಟ್ಟಿದ ಯಂತ್ರಗಳ ಸ್ಪರ್ಧೆ ಇದೆ. ಅವಳು ಹೆಸರು ನೋಂದಾಯಿಸಿದ್ದಳು. ಈಗ ತಂದೆ ಅಥವಾ ತಾಯಿಯ ಸಹಿ ಇರುವ ಸಮ್ಮತಿ ಪತ್ರ ಬೇಕೆನ್ನುತ್ತಾರೆ. ಅವಳ ಹೆಸರು ಅಲ್ಲಿ ಬರಬೇಕೆಂಬುದು ನಮ್ಮೆಲ್ಲರ ಆಸೆ.

ಇಂತಿ,
ಹಂಪೇಶ್

*

ಕಂಪ್ಲಿ
7 ಡಿಸೆಂಬರ್ 2024

ಶ್ರೀ ಹಂಪೇಶ್ ಅವರಿಗೆ,

ನಿಮ್ಮ ಉತ್ತರ ಸುಳ್ಳು. ಅದನ್ನು ತೋರಿಸಲು ನನಗೆ ನಿಮ್ಮ ಆಟದ ಪರಿಚಯ ಬೇಕಾಗಿಲ್ಲ.

ಗೇಟು ಇಳಿಯುವಾಗ ಗಡಿಯಾರ ನೋಡುವುದು ನನಗೆ ರೂಢಿ. ಅಂದೂ ನೋಡಿದೆ. ಮೊದಲ ಗೇಟಿನಿಂದ ಹನ್ನೆರಡನೆಯದಕ್ಕೆ ಹಿಡಿದ ಕಾಲ ಸರಿಯಾಗಿ ಮೂರು ನಿಮಿಷ. ದೇವಿಕಾಳ ನೋಟ್‌ಬುಕ್ಕಿನಲ್ಲಿ, ಕಾಲುವೆಯ ಒಂದು ನಿಮಿಷಕ್ಕೆ ಆಟದ ಒಂದು ಸೆಕೆಂಡಿನಂತೆ, ಒಟ್ಟು ಏಳು ನಿಮಿಷ ಇಪ್ಪತ್ತು ಸೆಕೆಂಡು. ಆವೃತ್ತಿ ಬದಲಾಗಿ ಕೆಟ್ಟಿದ್ದರೆ ಅದು ಅಡ್ಡಾದಿಡ್ಡಿಯಾಗಿ ಕೆಡುತ್ತಿತ್ತು. ಆಕಸ್ಮಿಕವು ಇಷ್ಟು ಅಚ್ಚುಕಟ್ಟಾದ ಸಂಖ್ಯೆಗೆ ಬಂದು ನಿಲ್ಲುವುದಿಲ್ಲ. ಅದು ಮನುಷ್ಯನ ಕೈಕೆಲಸ.

ಇನ್ನು ನಿಮ್ಮ ಉದ್ಯೋಗ. ಯಾರ್ಡಿನಲ್ಲಿ ಮೇಲಿನ ಬೆಲ್ಟಿನ ಮೇಲೆ ಅದಿರು ಇರುವಾಗಲೇ ಕೆಳಗಿನ ಬೆಲ್ಟನ್ನು ನೀವು ನಿಲ್ಲಿಸುತ್ತೀರಾ? ನಿಲ್ಲಿಸಿದರೆ ಏನಾಗುತ್ತದೆಂದು ನಿಮಗೆ ಗೊತ್ತು. ಗೊತ್ತಿದ್ದವರು ಇದನ್ನು ಮಾಡಿದ್ದೀರಿ. ಅಜ್ಞಾನದ ರಿಯಾಯಿತಿ ನಿಮಗಿಲ್ಲ.

ನಾನು ಕಾಲೇಜಿನಲ್ಲಿ ಚರ್ಚಾಪಟು. ಮೂರು ವರ್ಷ ಪಾರಿತೋಷಕ ನಮ್ಮ ಕಾಲೇಜು ಬಿಟ್ಟು ಹೋಗಲಿಲ್ಲ. ಎದುರಾಳಿಯ ಸುಳ್ಳಿಗಿಂತ ಅವನ ಅರ್ಧಸತ್ಯಕ್ಕೆ ಹೆಚ್ಚು ಎಚ್ಚರ ಬೇಕೆಂದು ಅಲ್ಲಿ ಕಲಿತೆ. ಸಹಿಯ ಮಾತು ಆಮೇಲೆ.

ನಾಗಭೂಷಣ

*

ಸಂಡೂರು
12 ಡಿಸೆಂಬರ್ 2024

ಪೂಜ್ಯ ಸರ್,

ಬದಲಿಸಿದವನು ನಾನೇ.

ಸ್ಪರ್ಧೆಯ ನಿಯಮವೇ ಮೂರು ನಿಮಿಷ. ಅದರೊಳಗೆ ಯಂತ್ರದ ಕೆಲಸ ಮುಗಿಯಬೇಕು, ಇಲ್ಲವಾದರೆ ಗಂಟೆ ಬಾರಿಸಿ ಕೆಳಗಿಳಿಸುತ್ತಾರೆ. ಇದರ ಮೇಲೆ ನನಗೂ ದೇವಿಕಾಗೂ ದಿನಾ ಜಗಳ. "ಮಂದಿ ಏಳು ನಿಮಿಷ ನೋಡ್ತಾರೇನವಾ?" ಅಂದರೆ, "ನೋಡದಿದ್ರ ಬಿಡ್ಲಿ. ನೀರು ದಾಟೂ ತನಕ ಗೇಟ್ ಇಳಿಸಂಗಿಲ್ಲ" ಅನ್ನುತ್ತಿದ್ದಳು. ಅವಳು ಹೋದ ಮೇಲೆ, ಹೇಗಾದರೂ ಅವಳ ಹೆಸರು ಗೆಲ್ಲಲಿ ಎಂದು ನಾನೇ ಕೂತು ರಿಪೀಟರ್‌ಗಳನ್ನು ಕಿತ್ತೆ. ಬೆಳೆ ಕೊಚ್ಚಿ ಹೋಗುವುದು ಕಡ್ಡಿರಾಂಪುರದಲ್ಲೇ ನನಗೂ ಮೊದಲು ಕಂಡದ್ದು. ಗಾಬರಿಯಲ್ಲಿ ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ. ತಪ್ಪಾಯಿತು ಸರ್.

ಅವಳ ಲ್ಯಾಪ್‌ಟಾಪ್ ನಿಮ್ಮ ಮನೆಯಲ್ಲೇ ಇದೆ. ಅವಳು ಕಟ್ಟಿದ ಲೋಕದ ಪಾಸ್‌ವರ್ಡನ್ನು ಈ ಪತ್ರದ ಹಿಂದೆ ಬರೆದಿದ್ದೇನೆ. ನಡೆಯುವುದು, ಕಲ್ಲು ಇಡುವುದು, ರಿಪೀಟರ್ ತಿರುಗಿಸುವುದು, ಎಲ್ಲದರ ಚಿತ್ರ ಬರೆದು ಇಟ್ಟಿದ್ದೇನೆ. ಅವಳು ಇಟ್ಟ ಹಾಗೆ ತಿರುಗಿ ಇಡಬೇಕೆಂದರೆ ನಾನು ಕಲಿಸುತ್ತೇನೆ.

ಹಂಪೇಶ್

*

ಕಂಪ್ಲಿ
23 ಡಿಸೆಂಬರ್ 2024

ಚಿ. ಹಂಪೇಶನಿಗೆ ಆಶೀರ್ವಾದಗಳು.

ಒಪ್ಪಿಕೊಂಡವನೊಡನೆ ವಾದ ಮುಂದುವರಿಸುವುದು ಚರ್ಚೆಯ ಧರ್ಮವಲ್ಲ. ಆದ್ದರಿಂದ ಆ ವಿಷಯವನ್ನು ಇಲ್ಲಿಗೆ ಮುಗಿಸಿದ್ದೇನೆ. ಏಕವಚನ ಬಳಸಿದ್ದಕ್ಕೆ ಬೇಸರಿಸಬೇಡ. ನನ್ನ ಮಗಳ ಓರಗೆಯವನು ನೀನು.

ನಿನ್ನ ಚಿತ್ರಗಳು ಸ್ಪಷ್ಟವಾಗಿವೆ. ಮೊದಲ ಮೂರು ದಿನ ನಾನು ಗೋಡೆಗೆ ಮುಖ ಮಾಡಿ ನಿಲ್ಲುವುದು, ಇಲ್ಲವೇ ಕಾಲುವೆಗೆ ಬೀಳುವುದು, ಇವೆರಡನ್ನೇ ಮಾಡಿದೆ. ಅನ್ನಪೂರ್ಣ ಹಿಂದೆ ನಿಂತು ನೋಡಿ, "ಮೂವತ್ತು ವರ್ಷ ಕಾಲುವಿ ದಂಡಿ ಮ್ಯಾಲ ಅಡ್ಡಾಡಿದೋರು, ಇದರಾಗ ದಿನಕ್ಕ ಎಷ್ಟು ಸಲ ಬೀಳ್ತೀರ್ರಿ?" ಎಂದು ನಕ್ಕಳು. ನವೆಂಬರ್ ಹತ್ತಕ್ಕೆ ಮಗಳು ಹೋದ ನಂತರ ಈ ಮನೆಯಲ್ಲಿ ಯಾರಾದರೂ ನಕ್ಕದ್ದು ಅದೇ ಮೊದಲು. ಅದಕ್ಕೆ ನಿನಗೆ ನಾನು ಋಣಿ.

ಈಗ ಆರು ಗೇಟುಗಳನ್ನು ಸರಿಪಡಿಸಿದ್ದೇನೆ. ಎರಡರಿಂದ ಮೂರಕ್ಕೆ ನೋಟ್‌ಬುಕ್ಕಿನಲ್ಲಿ ಮೂವತ್ತೆಂಟು ನಿಮಿಷ, ಆಟದಲ್ಲಿ ಅಷ್ಟೇ ಸೆಕೆಂಡು, ಎಂದರೆ ತೊಂಬತ್ತೈದು ರಿಪೀಟರ್. ಒಂದೊಂದನ್ನೂ ಕಡೆಯ ಗುರುತಿಗೆ ತಿರುಗಿಸಿ ಎಣಿಸುತ್ತಾ ಹೋಗುತ್ತೇನೆ. ನಾಲ್ಕನೆಯ ಗೇಟಿನ ಮುಂದೆ ಅವಳು ಕಾಲುವೆಯನ್ನು ಸ್ವಲ್ಪ ಡೊಂಕಾಗಿಸಿದ್ದಾಳೆ. ಮೆಟ್ರಿಯ ಹತ್ತಿರ ನಿಜವಾದ ಕಾಲುವೆಯೂ ಹಾಗೇ ಇದೆ. ಅಲ್ಲಿ ಟೊಂಗೆ ಸುಳಿಗೆ ಸಿಕ್ಕಿ ಎರಡು ನಿಮಿಷ ಗಿರಗಿರ ತಿರುಗುತ್ತದೆ. ಹತ್ತು ವರ್ಷದ ಹುಡುಗಿ ದಂಡೆಯ ಮೇಲೆ ಕುಕ್ಕರಗಾಲಲ್ಲಿ ಕೂತು, "ಬಾರಲೇ, ಜಲ್ದಿ ಬಾ" ಎಂದು ಅದನ್ನು ಕರೆಯುತ್ತಿದ್ದಳು. ಆ ಎರಡು ನಿಮಿಷವನ್ನೂ ಅವಳು ಲೆಕ್ಕಕ್ಕೆ ಸೇರಿಸಿದ್ದಾಳೆ.

ಗೇಟಿಗೊಂದು ಮರದ ಹಲಗೆ ಇಟ್ಟು ತಾರೀಖು ಬರೆದಿರುವುದೂ ನಮ್ಮದೇ ಪದ್ಧತಿ. ನಾವು ಸೀಮೆಸುಣ್ಣದಲ್ಲಿ ಬರೆಯುತ್ತೇವೆ. ಸುದ್ದಿಯಿದ್ದರೆ ಅದನ್ನೂ ಒಂದೆರಡು ಮಾತಿನಲ್ಲಿ ಬರೆಯುತ್ತೇವೆ. ಒಂದನೆಯದರಲ್ಲಿ "ಆಗಸ್ಟ್ 15, ರಜಾ, ಮಂಡಕ್ಕಿ ಮಿರ್ಚಿ" ಎಂದಿದೆ.

ಸ್ಪರ್ಧೆಯ ಬಗ್ಗೆ ನನಗೆ ಈಗ ವಿರೋಧವಿಲ್ಲ. ಹನ್ನೆರಡೂ ಮುಗಿಯಲಿ. ಆಮೇಲೆ ನೀನೂ ನಾನೂ ಕೂತು ಮಾತಾಡೋಣ. ಅನ್ನಪೂರ್ಣ ಊಟಕ್ಕೆ ಕರೆದಿದ್ದಾಳೆ.

ನಾಗಭೂಷಣ

*

ಸಂಡೂರು
29 ಡಿಸೆಂಬರ್ 2024

ಪೂಜ್ಯ ಸರ್,

ನಿಮ್ಮ ಪತ್ರವನ್ನು ನಾಲ್ಕು ಸಲ ಓದಿದೆ. ಅಮ್ಮನವರು ನಕ್ಕರೆಂದು ತಿಳಿದು ಭಾಳ ಸಂತೋಷವಾಯಿತು. ಊಟಕ್ಕೆ ಖಂಡಿತ ಬರುತ್ತೇನೆ.

ಸರ್, ಹತ್ತನೇ ಗೇಟಿನ ತನಕ ಮಾಡಿದರೆ ಸಾಕು. ಹನ್ನೊಂದು ಮತ್ತು ಹನ್ನೆರಡು ಸ್ವಲ್ಪ ಕಷ್ಟ. ನೆಲದಡಿಯಲ್ಲಿ ಸಾಲುಗಳು ಒಂದರ ಮೇಲೊಂದು ಹಾದುಹೋಗಿವೆ. ಅವೆರಡನ್ನೂ ನಾನೇ ಬಂದು ಮಾಡುತ್ತೇನೆ. ದಯವಿಟ್ಟು ನೀವು ಅಲ್ಲಿಗೆ ಹೋಗಬೇಡಿ.

ಹಂಪೇಶ್

*

ಕಂಪ್ಲಿ
3 ಜನವರಿ 2025

ಶ್ರೀ ಹಂಪೇಶ್ ಅವರಿಗೆ,

ಹನ್ನೊಂದನೆಯ ಗೇಟಿನಲ್ಲಿ ಕಷ್ಟವೇನೂ ಇರಲಿಲ್ಲ. ಹಲಗೆ ಇತ್ತು. ಅದರಲ್ಲಿ ನನ್ನ ಮಗಳು ಬರೆದದ್ದನ್ನು ಇದ್ದ ಹಾಗೆಯೇ ಬರೆಯುತ್ತೇನೆ.

ನವೆಂಬರ್ 6
ಜ್ವರ, 3ನೇ ದಿನ
ಹಂಪೇಶಗ ಹೇಳೀನಿ

ಅವಳಿಗೆ ಜ್ವರವೆಂಬ ಸುದ್ದಿ ನನಗೆ ತಲುಪಿದ್ದು ಎಂಟನೆಯ ತಾರೀಖು. ಅದೂ ಹೊಸಪೇಟೆಯಲ್ಲಿ ಅವಳು ಬಾಡಿಗೆಗಿದ್ದ ಕೋಣೆಯ ಮಾಲಕಿ ಬಸಕ್ಕನಿಂದ. ದೀಪಾವಳಿಗೆ ಊರಿಗೆ ಹೋದ ಕೋಣೆಯ ಜೊತೆಗಾತಿ ಇನ್ನೂ ಬಂದಿರಲಿಲ್ಲ. ಹುಡುಗಿ ಎರಡು ದಿನದಿಂದ ಬಾಗಿಲು ತೆರೆದಿಲ್ಲವೆಂದು ಬಸಕ್ಕ ಫೋನು ಮಾಡಿದಳು. ನಾನು ಹೊಸಪೇಟೆ ಮುಟ್ಟಿದಾಗ ಮಗಳಿಗೆ ಏಳಲು ಶಕ್ತಿ ಇರಲಿಲ್ಲ. ಬಳ್ಳಾರಿಯಲ್ಲಿ ವೈದ್ಯರು ಹೇಳಿದ್ದು ಒಂದೇ ಮಾತು: "ಡೆಂಗಿ. ಎರಡು ದಿನ ಮೊದ್ಲು ತರಬೇಕಿತ್ರಿ." ಆ ಎರಡು ದಿನ ಯಾರ ಕೈಯಲ್ಲಿದ್ದವೆಂದು ಈಗ ತಿಳಿಯಿತು.

"ಕೊನೀಗೆ ಹುಡುಗಿ ಕೈ ನಡುಗಿರಬೇಕ್ರಿ" ಎಂದು ನೀವು ಅಂದಾಗಲೇ ನಾನು ಕೇಳಬೇಕಿತ್ತು. ಅವಳ ಕೈ ನಡುಗಿತ್ತೆಂದು ನಿಮಗೆ ಹೇಗೆ ಗೊತ್ತು? ಹೆತ್ತವನಿಗೇ ಗೊತ್ತಿರಲಿಲ್ಲ.

ಚಿಕ್ಕ ತಪ್ಪನ್ನು ಒಪ್ಪಿಕೊಂಡು ದೊಡ್ಡದನ್ನು ಮರೆಮಾಚಿದಿರಿ. ನಾನು ಆಶೀರ್ವಾದ ಬರೆದೆ. ನನ್ನ ಹೆಂಡತಿ ನಿಮಗಾಗಿ ಹೋಳಿಗೆಗೆ ಬೇಳೆ ತರಿಸಿಟ್ಟಿದ್ದಾಳೆ. ಸುಳ್ಳುಗಾರನನ್ನು ನಾನು ಮೊದಲ ದಿನವೇ ಹಿಡಿದೆ. ನಂಬಿದವನ ಕೈಯಲ್ಲಿ ಮೋಸ ಹೋಗುವುದು ಬೇರೆ. ಅದಕ್ಕೆ ನನ್ನಲ್ಲಿ ವಾದವಿಲ್ಲ.

ನಡೆದದ್ದನ್ನು ನಡೆದ ಹಾಗೆ ಬರೆಯಿರಿ. ನೀವು ಬರೆಯಬೇಕಾದ ಕಡೆಯ ಪತ್ರ ಅದು.

ನಾಗಭೂಷಣ

*

ಸಂಡೂರು
8 ಜನವರಿ 2025

ಸರ್,

ನವೆಂಬರ್ 4ರ ಸಂಜೆ ಆಟದ ನಡುವೆ "ಮೈ ಕಾದೈತಿ" ಅಂದಳು. 5ರಂದು ಅದನ್ನೇ ಅಂದಳು. 6ರಂದು "ಕಣ್ಣಿನ ಹಿಂದ ಭಾಳ ನೋವೈತಿ, ಕೈ ನಡುಗಾಕತ್ಯಾವ" ಅಂದಳು. ನಾನು ಏನು ಹೇಳಿದೆನೆಂದು ಇವತ್ತಿನ ತನಕ ಯಾರಿಗೂ ಹೇಳಿಲ್ಲ. "ಎರಡ ಗೇಟ್ ಉಳಿದಾವಲ್ಲ, ಮಾತ್ರಿ ತಗೊಂಡು ಹನ್ನೊಂದನೇದು ಮುಗಿಸಿಬಿಡು. ನಾಳಿ ದವಾಖಾನಿಗೆ ಹೋಗು" ಅಂದೆ. ಅವಳು ಮುಗಿಸಿದಳು. ಮರುದಿನ ಆಟಕ್ಕೆ ಬರಲಿಲ್ಲ. ದವಾಖಾನೆಗೆ ಹೋಗಿರಬೇಕು ಎಂದುಕೊಂಡೆ. ಸಂಡೂರಿನಿಂದ ಹೊಸಪೇಟೆಗೆ ಬಸ್ಸಿನಲ್ಲಿ ಒಂದು ತಾಸು. ನಾನು ಹೋಗಲಿಲ್ಲ. ಸೆಕೆಂಡ್ ಶಿಫ್ಟ್ ಇತ್ತು. ಅದು ಕಾರಣವಲ್ಲ, ನೆಪ.

ಹನ್ನೆರಡನೇ ಗೇಟನ್ನು ಅವಳು ಹೋದ ಮೇಲೆ ನಾನು ಕಟ್ಟಿದೆ. ಅದಕ್ಕೇ ಅಲ್ಲಿ ಹಲಗೆ ಇಲ್ಲ.

ಹನ್ನೊಂದನೇ ಹಲಗೆಯನ್ನು ನಾನು ಕಿತ್ತು ಹಾಕಬಹುದಿತ್ತು. ಪಾಸ್‌ವರ್ಡ್ ಕಳಿಸುವ ಮೊದಲು ಅದರ ಮುಂದೆ ಹೋಗಿ ನಿಂತೆ. ಕೀಳಲಿಲ್ಲ. ನೀವು ಅಲ್ಲಿಗೆ ಹೋಗದಿರಲಿ ಎಂದೂ ಇತ್ತು, ಹೋಗಲಿ ಎಂದೂ ಇತ್ತು.

ನನ್ನನ್ನು ಏನು ಬೇಕಾದರೂ ಅನ್ನಿ ಸರ್. ತಲೆ ತಗ್ಗಿಸಿ ಕೇಳುತ್ತೇನೆ. ಆದರೆ ಅರ್ಧಸತ್ಯದ ಬಗ್ಗೆ ನೀವೇ ಬರೆದಿದ್ದಿರಿ. ಆ ಹಲಗೆಯಲ್ಲಿ ನಾಲ್ಕು ಸಾಲುಗಳಿವೆ. ನೀವು ಮೂರು ಬರೆದಿದ್ದೀರಿ.

ಹಂಪೇಶ್

*

ಕಂಪ್ಲಿ
14 ಜನವರಿ 2025

ಶ್ರೀ ಹಂಪೇಶ್ ಅವರಿಗೆ,

ನಿಮ್ಮ ಆಕ್ಷೇಪ ಸರಿಯಾಗಿದೆ. ನಾಲ್ಕನೆಯ ಸಾಲು ಇದು.

ಅಪ್ಪ ಪಾಳಿ ಮ್ಯಾಲದಾರ

ಕಾಲೇಜಿನಲ್ಲಿ ಸಾಕ್ಷ್ಯವನ್ನು ತುಂಡರಿಸಿ ಓದಿದ ಎದುರಾಳಿಯನ್ನು ನಾನು ವೇದಿಕೆಯ ಮೇಲೇ ನಾಚಿಸಿದ್ದೇನೆ. ಅದೇ ಕೆಲಸವನ್ನು ಈ ವಯಸ್ಸಿನಲ್ಲಿ ಮಾಡಿದೆ.

ನವೆಂಬರ್ 5, ಮಂಗಳವಾರ. ಸರದಿಯ ಪ್ರಕಾರ ನೀರು ನಿಲ್ಲಿಸುವ ಪಾಳಿ. ನಾನು ಒಂಬತ್ತನೆಯ ಗೇಟಿನ ಮೇಲೆ ಟೊಂಗೆಯ ದಾರಿ ಕಾಯುತ್ತಿದ್ದೆ. ಮಧ್ಯಾಹ್ನ ಅವಳ ಫೋನು ಬಂತು. ಪಾಳಿಯ ಹೊತ್ತಿನಲ್ಲಿ ಮನೆಯವರು ಫೋನು ಮಾಡಬಾರದು, ಮಾಡಿದರೆ ಮೂರು ಮಾತಿನಲ್ಲಿ ಮುಗಿಸಬೇಕು ಎಂಬುದು ನಾನೇ ಹಾಕಿದ ನಿಯಮ. "ಪಾಳಿ ನಡದೈತಿ. ಮೂರು ಮಾತಿನಾಗ ಹೇಳು" ಅಂದೆ.

"ಏನಿಲ್ಲಪ್ಪಾ. ನೀರು ದಾಟ್ತೇನು?"

"ಇನ್ನೂ ಇಲ್ಲ."

"ಹಂಗಾರ ದಾಟಿದ ಮ್ಯಾಲ ಮಾಡ್ತೀನಿ ಬಿಡ್ರಿ."

ಹತ್ತೊಂಬತ್ತು ಸೆಕೆಂಡು. ಫೋನಿನಲ್ಲಿ ಇನ್ನೂ ದಾಖಲಾಗಿದೆ. ಇಪ್ಪತ್ತು ನಿಮಿಷಕ್ಕೆ ಟೊಂಗೆ ದಾಟಿತು. ನಾನು ಗೇಟು ಇಳಿಸಿ ಸೀಮೆಸುಣ್ಣದಲ್ಲಿ ತಾರೀಖು ಬರೆದೆ. ಅವಳು ಮತ್ತೆ ಮಾಡಲಿಲ್ಲ. ನಾನೂ ಮಾಡಲಿಲ್ಲ. ಆ ಕರೆಯ ವಿಷಯವನ್ನು ಅನ್ನಪೂರ್ಣಳಿಗೆ ಇಂದಿನ ತನಕ ಹೇಳಿಲ್ಲ. ಈ ಪತ್ರವನ್ನು ಅಂಚೆಗೆ ಹಾಕುವ ಮೊದಲು ಅವಳಿಗೆ ಓದಿ ಹೇಳುತ್ತೇನೆ.

ಇದರಿಂದ ನಿಮ್ಮ ಅಪರಾಧ ಒಂದು ಕೂದಲೆಳೆಯಷ್ಟೂ ಕಡಿಮೆಯಾಗುವುದಿಲ್ಲ. ಅವಳು ನಿಮಗೆ ಹೇಳಿದಳು, ನನಗೆ ಹೇಳಲಿಲ್ಲ. ಹೇಳಿಸಿಕೊಂಡವರು ನೀವು ಸುಮ್ಮನಿದ್ದಿರಿ. ನಿಮ್ಮನ್ನು ನಾನು ಕ್ಷಮಿಸಿಲ್ಲ. ನಮ್ಮ ಮನೆಯ ಊಟದ ಮಾತು ಮುಗಿಯಿತು. ಆದರೆ ನೀವು ನನ್ನ ಎದುರಿಗೆ ಇಟ್ಟ ಸಾಲು ಸತ್ಯವಾದದ್ದು. ಅದನ್ನು ಇಟ್ಟವನ ಮೇಲಿನ ಸಿಟ್ಟಿನಿಂದ ನಾನು ಅದನ್ನು ತಳ್ಳಿಹಾಕುವುದಿಲ್ಲ.

ಇನ್ನು ನನ್ನ ನಿರ್ಧಾರ. ಇದನ್ನು ನಾನೊಬ್ಬನೇ ತೆಗೆದುಕೊಂಡಿದ್ದೇನೆ. ಅನ್ನಪೂರ್ಣಳನ್ನು ಕೇಳಿಲ್ಲ, ನಿಮ್ಮ ಗುಂಪನ್ನು ಕೇಳುವುದಿಲ್ಲ.

ಹನ್ನೆರಡು ಗೇಟುಗಳೂ ಈಗ ಅವಳ ಲೆಕ್ಕದಂತಿವೆ. ಸಾವಿರದ ನೂರು ರಿಪೀಟರ್. ನಿನ್ನೆ ಎರಡು ಸಲ ನಡೆಸಿ ನೋಡಿದೆ. ಒಂದು ಗಿಡವೂ ಕಿತ್ತು ಹೋಗಲಿಲ್ಲ. ಹನ್ನೊಂದನೆಯ ಹಲಗೆ ನಾಲ್ಕು ಸಾಲುಗಳೊಡನೆ ಇದ್ದಲ್ಲೇ ಇರುತ್ತದೆ. ಹನ್ನೆರಡನೆಯ ಗೇಟಿಗೆ ನಾನೊಂದು ಹಲಗೆ ಇಟ್ಟಿದ್ದೇನೆ. ಅದರಲ್ಲಿ "ನವೆಂಬರ್ 5, ಮಗಳ ಫೋನ್, 19 ಸೆಕೆಂಡ್, ತಿರುಗಿ ಮಾಡಲಿಲ್ಲ" ಎಂದಿದೆ.

ಸಮ್ಮತಿ ಪತ್ರಕ್ಕೆ ಸಹಿ ಹಾಕಿ, ಇಂದು ಬೆಳಿಗ್ಗೆ ಹೊಸಪೇಟೆಗೆ ಹೋಗಿ ನಾನೇ ಕೊಟ್ಟು ಬಂದೆ. ಕಟ್ಟಿದವರ ಹೆಸರಿನಲ್ಲಿ ಅವಳದು ಮೊದಲು, ನಿಮ್ಮದು ಎರಡನೆಯದು. ನೀವು ಕಟ್ಟಿದ್ದೂ ಸತ್ಯ. ಕಾಲಾವಧಿ ಎಂಬಲ್ಲಿ ಏಳು ನಿಮಿಷ ಇಪ್ಪತ್ತು ಸೆಕೆಂಡು ಎಂದು ಬರೆದೆ. ಅಲ್ಲಿದ್ದವರು, "ಮೂರು ನಿಮಿಷಕ್ಕ ಗಂಟಿ ಬಾರಿಸ್ತೀವ್ರಿ ಸರ, ನಿಮಗ ಬಹುಮಾನ ಬರಂಗಿಲ್ಲ" ಅಂದರು. ಬಾರಿಸಿರಿ ಅಂದೆ.

ಶನಿವಾರ ವೇದಿಕೆಯ ಮೇಲೆ ಸನ್ನೆಗೋಲು ಎಳೆಯುವವನು ನಾನು. ಕಾಲೇಜಿನ ಮೂರು ವರ್ಷದಲ್ಲಿ ಗಂಟೆಯಾದ ಮೇಲೆ ಒಂದು ಶಬ್ದವನ್ನೂ ಆಡಿದವನಲ್ಲ. ಅಂದು ಗಂಟೆ ಬಾರಿಸುವಾಗ ಐದು ಗೇಟು ಇಳಿದಿರುತ್ತವೆ, ಏಳು ಉಳಿದಿರುತ್ತವೆ. ಯಾರು ಏನೇ ಹೇಳಲಿ, ಸಭೆಯೇ ಎದ್ದು ಹೋಗಲಿ, ನೀರು ಹನ್ನೆರಡನೆಯದನ್ನು ದಾಟುವ ತನಕ ನಾನು ಅಲ್ಲಿಂದ ಇಳಿಯುವುದಿಲ್ಲ.

ನಾಗಭೂಷಣ